ನಮ್ಮ ಪದ್ಮಿನಿಯ ವಿಕ್ರಯ

ಕೊಳ್ಳುವವನು ಏನೇನನ್ನು ನೋಡಿ ಕೊಳ್ಳಬೇಕೆಂಬದನ್ನು ಹೇಳಿಕೊಡುವ ಹಿರಿಯರು ಊರೂರಿಗೂ ಇದ್ದಾರೆ. ಎತ್ತಿನ ಹಲ್ಲು ನೋಡು, ಸೀರೆಯ ಸೆರಗು ನೋಡು, ಹೊಲವಾದರೆ ಪಹಣಿ ನೋಡು ಎಂದು ಅವರು ಹೇಳುವರು. ಮಾರುವವನು ಏನನ್ನು ನೋಡಬೇಕೆಂಬದನ್ನು ಹೇಳುವವರು ಮಾತ್ರ ವಿರಳ. ಹಣ ಎಣಿಸಿಕೊಂಡೊಡನೆ ಅವನ ಕೆಲಸ ಮುಗಿಯಿತೆಂದೇ ಲೋಕದ ಭಾವನೆ. ಸಂಸ್ಕೃತ ವ್ಯಾಕರಣವೂ ಈ ಭಾವನೆಗೆ ಒತ್ತಾಸೆಯಾಗಿ ನಿಂತಂತೆ ತೋರುವದು. ಕೊಳ್ಳುವದೆಂಬ ಅರ್ಥದ ‘ಕ್ರೀ’ ಧಾತುವು ಪರಸ್ಮೈಪದದಲ್ಲಿಯೂ ಆತ್ಮನೇಪದದಲ್ಲಿಯೂ ನಡೆಯುವದು. ಅದಕ್ಕೆ ‘ವಿ’ ಎಂಬ ಉಪಸರ್ಗ ಸೇರಿ ಮಾರುವದೆಂಬ ಅರ್ಥ ಬಂದರೆ ಆತ್ಮನೇಪದವೊಂದೇ ಆಗಬೇಕೆಂದು ಪಾಣಿನಿಯ ಶಾಸನ. ಪರರಿಗಾಗಿ, ತನಗಾಗಿ ಎಂಬದೇ ಆ ಎರಡು ಹೆಸರುಗಳ ಮೂಲಾರ್ಥ. ಅಂದಮೇಲೆ ಮಾರುವವನು ತನಗಾಗಿಯೇ ಮಾರುವನೆಂದಾಯಿತು! ವಿದ್ಯಾರ್ಥಿದೆಶೆಯಲ್ಲಿ ಈ ಸೂತ್ರವನ್ನು ಬಾಯಿಪಾಠ ಮಾಡುವಾಗ ನಾವು ಇದನ್ನು ನೆನೆದು ನಕ್ಕದ್ದುಂಟು. 2025ರಲ್ಲಿ, ಮೂವತ್ತುನಾಲ್ಕು ವರ್ಷದ ಹಳೆಯ ಮೋಟಾರೊಂದನ್ನು ಮಾರಬೇಕಾಗಿ ಬಂದಾಗ ಮಾತ್ರ ನಗೆ ಬರಲಿಲ್ಲ.

ಆ ಮೋಟಾರಿನ ಹೆಸರು ಪ್ರೀಮಿಯರ್ ಪದ್ಮಿನಿ. ಪದ್ಮಿನಿಯೆಂದರೆ ತಾವರೆಗೊಳ, ಕಬ್ಬಿಣಕ್ಕೆ ಇಂಥ ಹೆಸರಿಟ್ಟವರು ರಸಿಕರೇ ಸರಿ. ಮೂಲದಲ್ಲಿ ಅದು ಇಟಲಿಯ ಫಿಯಟ್ ಕಂಪನಿಯ 1100 ಎಂಬ ಗಾಡಿ. ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯು ಮುಂಬಯಿಯ ಕುರ್ಲಾದ ಕಾರಖಾನೆಯಲ್ಲಿ ಅದನ್ನು ಕಟ್ಟುತ್ತಿದ್ದಿತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿಯೆಂಬ ಹೆಸರಾಯಿತು. ಹೊಸ ಶತಮಾನವು ಕಣ್ಣು ತೆರೆಯುವ ಹೊತ್ತಿಗೆ ತಯಾರಿಕೆ ನಿಂತಿತು. ನಾಲ್ಕು ಸಿಲಿಂಡರಿನ, 1089 ಸಿ.ಸಿ.ಯ ಪೆಟ್ರೋಲ್ ಯಂತ್ರ. ಸ್ಟಿಯರಿಂಗಿನ ಕೊರಳಿಗೇ ಜೋಡಿಸಿದ ಗೇರು. ಮುಂದುಗಡೆ ಮೂವರು ಒತ್ತಾಗಿ ಕೂಡಬಹುದಾದ ಒಂದೇ ಉದ್ದನೆಯ ಮೆತ್ತೆ. ಮುಂಬಯಿಯ ಕರಿ-ಹಳದಿ ಟ್ಯಾಕ್ಸಿಯೆಂದರೆ ಬಹುಕಾಲ ಇದೇ. ಅಲ್ಲಿ ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷದ ಮಿತಿಯಿರುವದರಿಂದ ಕೊನೆಯ ಪದ್ಮಿನಿಯು 2023ರ ಅಕ್ಟೋಬರದಲ್ಲಿ ರಸ್ತೆಯಿಂದ ಇಳಿಯಿತು.

ನಮ್ಮದು 1991ರದು. ಗಂಗಾವತಿಯ ಅಕ್ಕಿಯ ಗಿರಣಿಯ ಯಜಮಾನರೊಬ್ಬರಿಂದ ಅದನ್ನು 1998ರಲ್ಲಿ ಕೊಂಡೆವು. ಕೊಪ್ಪಳವು ಆಗತಾನೆ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಗಿದ್ದಿತು. ಹೊಸ ಜಿಲ್ಲೆಯ ಗಾಡಿಗಳಿಗೆಲ್ಲ 37 ಎಂಬ ಅಂಕೆ ಬಂದರೂ ನಮ್ಮ ಗಾಡಿಯ ಫಲಕದ ಮೇಲೆ ರಾಯಚೂರಿನ 36 ಎಂಬದೇ ಉಳಿಯಿತು. ತವರಿನ ಹೆಸರನ್ನು ಬಿಡಲೊಲ್ಲದ ಸೊಸೆಯಂತೆ. ಯಲಬುರ್ಗಿಯ ಶಾಲೆಯಲ್ಲಿದ್ದಾಗ ಮಳೆಗಾಲದ ಎರೆಮಣ್ಣಿನಲ್ಲಿ ಅದು ಹೂತು ನಿಂತು, ಪಕ್ಕದ ಹೊಲದ ರೈತರು ಎತ್ತು ಹೂಡಿ ಎಳೆದುಕೊಟ್ಟದ್ದು ಎರಡು ಸಲ. ಕುಷ್ಟಗಿಯಲ್ಲಿದ್ದಾಗ ನಮ್ಮ ಮಗಳು ಹುಟ್ಟಿದ ರಾತ್ರಿ ಮನೆಯವರನ್ನು ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ. ಇಟಗಿಯ ಮಹಾದೇವ ದೇವಾಲಯದ 1112ರ ಶಾಸನವನ್ನು ಕಣ್ಣಾರೆ ತೋರಿಸಬೇಕೆಂದು ಪ್ರತಿವರ್ಷ ಹತ್ತನೆಯ ತರಗತಿಯ ಕೆಲವು ಹುಡುಗರನ್ನು ಕರೆದೊಯ್ಯುತ್ತಿದ್ದೆವು. ಮುಂದಿನ ಮೆತ್ತೆಯ ಔದಾರ್ಯವು ಆಗ ಬಹಳ ಉಪಯೋಗಕ್ಕೆ ಬರುತ್ತಿದ್ದಿತು.

ಹೀಗಿದ್ದ ಗಾಡಿಯನ್ನು ಮಾರುವದೇತಕ್ಕೆ ಎಂದು ವಾಚಕರು ಕೇಳಬಹುದು. ನಿವೃತ್ತಿಯಾದ ಮೇಲೆ ನಮಗೆ ಹೋಗಬೇಕಾದ ಊರುಗಳು ಕಡಿಮೆಯಾದವು. ಗಾಡಿಯು ಬೇವಿನ ಗಿಡದ ಕೆಳಗೆ ವಾರಗಟ್ಟಲೆ ನಿಂತೇ ಇರುವದಾಯಿತು. ಮೋಟಾರಿಗೆ ಓಡುವದರಿಂದ ಆಗುವ ಸವಕಳಿಗಿಂತ ನಿಲ್ಲುವದರಿಂದ ಆಗುವ ಕೇಡು ಹೆಚ್ಚೆಂಬದನ್ನು ಬಹು ಮಂದಿ ಅರಿಯರು. ಬ್ಯಾಟರಿ ಸಾಯುತ್ತದೆ. ಕಾರ್ಬುರೇಟರಿನಲ್ಲಿ ನಿಂತ ಪೆಟ್ರೋಲು ಅಂಟುಗಟ್ಟುತ್ತದೆ. ಬ್ರೇಕಿನ ರಬ್ಬರು ಬಿರುಸಾಗುತ್ತದೆ, ಒಂದೇ ಕಡೆ ಭಾರ ಬಿದ್ದ ಟಾಯರು ಚಪ್ಪಟೆಯಾಗುತ್ತದೆ, ಇಲಿಗಳು ವಾಯರಿನ ಹೊದಿಕೆಯನ್ನು ತಿನ್ನುತ್ತವೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲು. ಅದು ಗಾಳಿಯ ತೇವವನ್ನು ಎಳೆದುಕೊಳ್ಳುವದಲ್ಲದೆ, ಅದಕ್ಕಾಗಿ ಸಿದ್ಧಮಾಡಿರದ ಹಳೆಯ ರಬ್ಬರು ನಳಿಗೆಗಳನ್ನು ಮೆತ್ತಗೆ ಮಾಡಿ ಬಿರಿಯಿಸುವದು. ಕಬ್ಬು, ಅಕ್ಕಿ, ಗೋವಿನಜೋಳಗಳಿಂದ ಈ ಎಥನಾಲನ್ನು ತೆಗೆಯುವರು. ಅಕ್ಕಿಯ ಗಿರಣಿಯಿಂದ ಬಂದ ಗಾಡಿಗೆ ಅಕ್ಕಿಯೇ ವೈರಿಯಾದದ್ದು ವಿಧಿವಿಲಾಸ! ಒಟ್ಟಿನಲ್ಲಿ, ಪ್ರೀತಿಯೆಂದು ನಾವು ಇಟ್ಟುಕೊಂಡದ್ದೇ ಅದನ್ನು ತಿಂಗಳಿಂದ ತಿಂಗಳಿಗೆ ಕೊಲ್ಲುತ್ತಿದ್ದಿತು. ಓಡಿಸುವವನ ಕೈಗೆ ಅದು ಹೋಗಬೇಕೆಂದು ನಿಶ್ಚಯಿಸಿದೆವು.

ಮೂವರು ಬಂದರು. ಮೊದಲನೆಯವನು ಗುಜರಿಯವನು. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು, ಬಾಗಿಲು ಕೂಡ ತೆರೆಯದೆ, ತೂಕದ ಲೆಕ್ಕದ ಮೇಲೆ ಇಪ್ಪತ್ತೆಂಟು ಸಾವಿರ ಎಂದನು. ಎರಡನೆಯವರು ಹೆದ್ದಾರಿಯ ಮಗ್ಗುಲಿಗೆ ಹೊಸದಾಗಿ ಖಾನಾವಳಿ ತೆರೆಯುತ್ತಿದ್ದ ಒಬ್ಬ ಗೃಹಸ್ಥರು. ಸಭ್ಯರು, ಮಾತು ಬಲ್ಲವರು. ಗಾಡಿಯನ್ನು ನಡುವೆ ಕೊಯ್ದು, ಮುಂದಿನ ಅರ್ಧವನ್ನು ಹಣ ತೆಗೆದುಕೊಳ್ಳುವ ಕಟ್ಟೆಯಾಗಿಯೂ ಹಿಂದಿನ ಅರ್ಧವನ್ನು ಗಿರಾಕಿಗಳು ಕೂಡುವ ಆಸನವಾಗಿಯೂ ಮಾಡುವದು ಅವರ ಯೋಜನೆ. ತೊಂಬತ್ತೈದು ಸಾವಿರ ರೂಪಾಯಿಗಳನ್ನು ಅಲ್ಲಿಯೇ ಎಣಿಸಿಕೊಡಲು ಸಿದ್ಧರಾಗಿದ್ದರು. ಪಿಂಚಣಿಯ ಮೇಲೆ ಇರುವವರಿಗೆ ಅದು ಸಣ್ಣ ಮೊತ್ತವಲ್ಲ. ಎರಡು ದಿನದ ಅವಧಿ ಬೇಡಿದೆವು.

ಆ ಎರಡು ದಿನ ಮನೆಯಲ್ಲಿ ವಿಚಾರ ನಡೆಯಿತು. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ, “ಅಪ್ಪಾ, ಕಬ್ಬಿಣಕ್ಕ ನೋವು ಆಗತೈತೇನು? ರೊಕ್ಕ ತಗೊಂಡು ಸುಮ್ಮನಾಗ್ರಿ” ಎಂದಳು. ತರ್ಕದೃಷ್ಟಿಯಿಂದ ಅವಳ ಮಾತು ಸರಿಯೇ. ಆದರೆ ನಮ್ಮ ಸಂಕಟವು ಕಬ್ಬಿಣದ ನೋವಿನದಾಗಿರಲಿಲ್ಲ. ಕೊಪ್ಪಳದ ಗಡಿಯಾರ ಕಂಬದ ಕಡೆಯ ಒಬ್ಬ ವೃದ್ಧ ಮಿಸ್ತ್ರಿಯವರು ಈ ಗಾಡಿಯ ಯಂತ್ರವನ್ನು ಪೂರ್ತಿ ಬಿಚ್ಚಿ, ಹನ್ನೊಂದು ದಿನ ಕುಳಿತು ಹೊಸದಾಗಿ ಕೂಡಿಸಿದ್ದರು. ಸಿಗದ ಭಾಗವನ್ನು ತಾವೇ ಅರದಿಂದ ಉಜ್ಜಿ ಮಾಡಿದ್ದರು. ಆ ಮೇಲೆ ಹತ್ತು ವರ್ಷಕ್ಕೆ ಅವರು ತೀರಿಕೊಂಡರು. ಅವರು ಕೂಡಿಸಿದ ಯಂತ್ರವು ಇನ್ನೂ ಒಂದೇ ಶ್ರುತಿಯಲ್ಲಿ ನಡೆಯುತ್ತಿರುವದು. ಆ ಕೈಕೆಲಸವನ್ನು ಕಿತ್ತೆಸೆದು ತೊಗಟೆಯನ್ನು ಅಲಂಕಾರಕ್ಕಿಡುವ ಹಕ್ಕು, ಕಾಗದದ ಮೇಲೆ ನಮಗಿದ್ದರೂ, ಇದೆಯೆಂದು ನಮಗೆ ತೋರಲಿಲ್ಲ. ನಮ್ಮ ಮನೆಯವರು ಇಷ್ಟು ದೂರ ಹೋಗಲಿಲ್ಲ. “ಮಾವನವರು ಎತ್ತು ಮಾರೂ ಮುಂದ ಯಾವ ಊರಿಗೆ, ಯಾರ ಮನಿಗೆ ಅಂತ ಕೇಳತಿದ್ರು. ನೀವೂ ಕೇಳ್ರಿ” ಎಂದಿಷ್ಟೇ ಅಂದರು. ನಮ್ಮ ತಂದೆಯವರು ದನದ ಸಂತೆಯಲ್ಲಿ, ಟವೆಲಿನ ಕೆಳಗೆ ಬೆರಳು ಹಿಡಿದು ದಲಾಲನು ಹೇಳುವ ಬೆಲೆಗೆ ಒಪ್ಪಿದ ಮೇಲೂ, ಕೊಳ್ಳುವವನ ಅಂಗೈಯನ್ನು ತಿರುವಿ ನೋಡುತ್ತಿದ್ದರು. ಅಂಗೈಯಲ್ಲಿ ಜಡ್ಡುಗಟ್ಟಿಲ್ಲದವನಿಗೆ ಎತ್ತು ಕೊಟ್ಟವರಲ್ಲ.

ಮೂರನೆಯವನು ಕುಷ್ಟಗಿಯಿಂದ ಬಂದ ತರುಣ. ಟ್ರ್ಯಾಕ್ಟರುಗಳ ಡೀಸೆಲ್ ಪಂಪು ರಿಪೇರಿ ಮಾಡುವ ಸಣ್ಣ ಅಂಗಡಿಯ ಒಡೆಯ, ವಯಸ್ಸು ಮೂವತ್ತರೊಳಗೆ. ಮುಂಜಾನೆ ಏಳಕ್ಕೇ ಬಂದನು. ನಮಸ್ಕಾರ ಮಾಡಿದವನು ಮೊದಲು ಬಾನೆಟ್ಟಿನ ಮೇಲೆ ಅಂಗೈಯನ್ನು ಊರಿದನು.

“ಇವತ್ತ ಇನ್ನೂ ಚಾಲೂ ಮಾಡಿಲ್ಲ ಅಲ್ರಿ, ಸರ್ರ?”

“ಇಲ್ಲಪ್ಪಾ.”

“ಭಾಳ ಚಲೋ ಆತ್ರಿ. ಬಿಸಿ ಇಂಜಿನ್ ಎಲ್ಲಾರಿಗೂ ಚಲೋ ಮಾತಾಡತೈತ್ರಿ.”

ಈ ಒಂದು ಮಾತಿನಿಂದ ನಮಗೆ ಅರ್ಧ ಸಮಾಧಾನವಾಯಿತು. ಹಳೆಯ ಗಾಡಿಯ ನಿಜವು ತಣ್ಣಗಿರುವಾಗಲೇ ತಿಳಿಯುವದು. ಅವನು ಹೊರಗಿನ ಬಣ್ಣವನ್ನು ನೋಡಲೇ ಇಲ್ಲ. ಬಾಗಿಲುಗಳ ಕೆಳ ಅಂಚನ್ನು ಬೆರಳಿನಿಂದ ತಡವಿದನು. ನೀರು ನಿಂತು ತುಕ್ಕು ಹಿಡಿಯುವದು ಅಲ್ಲಿಯೇ. ಕಾಲ್ಕೆಳಗಿನ ಚಾಪೆಯನ್ನು ಎತ್ತಿದನು. ನೆಲದ ಮೇಲೆ ಮಲಗಿ ಹೊಟ್ಟೆಯಡಿಯ ಹಾಳೆಯನ್ನು ಹಿಡಿಕೆಯಿಂದ ಕುಟ್ಟಿ ನೋಡಿದನು. ಎಣ್ಣೆ ಅಳೆಯುವ ಕಡ್ಡಿಯನ್ನೆಳೆದು ಮೂಸಿದನು. ಆಮೇಲೆ ಚೋಕನ್ನು ಎಳೆದು ಚಾಲೂ ಮಾಡಿ, ಸೈಲೆನ್ಸರಿನ ಹೊಗೆಯ ಬಣ್ಣವನ್ನು ನೋಡುತ್ತ ಐದು ನಿಮಿಷ ಮಾತಿಲ್ಲದೆ ನಿಂತನು. ನೀಲಿ ಹೊಗೆಯಾದರೆ ಎಣ್ಣೆ ಸುಡುತ್ತಿದೆಯೆಂದು ಅರ್ಥ. ಹೊಗೆ ನೀಲಿಯಾಗಿರಲಿಲ್ಲ. ಅವನ ಮುಖವರಳಿತು. ಅಂಗೈಯನ್ನು ತಿರುವಿ ನೋಡುವ ಅವಶ್ಯಕತೆ ನಮಗೆ ಉಳಿಯಲಿಲ್ಲ.

ಗಾಡಿಯ ದೋಷಗಳನ್ನು ನಾವಾಗಿಯೇ ಹೇಳಿದೆವು: ಮೂರನೆಯ ಗೇರು ಕೆಲವು ಸಲ ಹೊರಗೆ ಹಾರುವದು, ಎಡಗಡೆಯ ಹಿಂದಿನ ಬಾಗಿಲಿನ ಕೆಳಗೆ ತುಕ್ಕನ್ನು ಲಾಂಬದಿಂದ ಮುಚ್ಚಿಸಿದೆ, ಪೆಟ್ರೋಲಿನ ಮುಳ್ಳು ಕಾಲು ಟ್ಯಾಂಕಿಗಿಂತ ಕೆಳಗೆ ಸುಳ್ಳು ಹೇಳುವದು. ಹಳೆಯ ಮೋಟಾರಿನ ಪ್ರೇಮಿಗಳು ಮಾರುವಾಗ ಅದರ ಗುಣಗಳನ್ನು ವರ್ಣಿಸುವರು. ಗುಣಗಳು ತಾವಾಗಿಯೇ ತಿಳಿಯುವವು. ದೋಷಗಳನ್ನು ಹೇಳದೆ ಹೋದರೆ ಅವು ರಾತ್ರಿಯ ಹೊತ್ತು ಕನಕಗಿರಿಯ ದಾರಿಯಲ್ಲಿ ತಿಳಿಯುವವು. ಆಗ ಪೆಟ್ಟು ಬೀಳುವದು ಗಾಡಿಗೇ.

ನಾವು ಎಪ್ಪತ್ತು ಸಾವಿರ ಕೇಳಿದೆವು, ಅವನು ಐವತ್ತೈದು ಎಂದನು, ಅರುವತ್ತಕ್ಕೆ ನಿಂತಿತು. ಖಾನಾವಳಿಯವರು ಹೇಳಿದ್ದಕ್ಕಿಂತ ಮೂವತ್ತೈದು ಸಾವಿರ ಕಡಿಮೆ. ಮಗಳು ಈಗಲೂ ಆ ಲೆಕ್ಕವನ್ನು ನೆನಪಿಸುತ್ತಾಳೆ. ಬಿಟ್ಟಿಯಾಗಿಯೇ ಕೊಟ್ಟುಬಿಡಬಹುದಿತ್ತಲ್ಲ ಎಂದು ಸ್ನೇಹಿತರೊಬ್ಬರು ಅಂದರು. ಆ ಮಾತು ನಮಗೆ ಒಪ್ಪಿಗೆಯಿಲ್ಲ. ದುಡಿದು ಕೂಡಿಟ್ಟ ಹಣವನ್ನು ಕೊಟ್ಟು ಪಡೆದ ವಸ್ತುವನ್ನು ಮನುಷ್ಯನು ನೋಡುವ ಕಣ್ಣೇ ಬೇರೆ.

ಬೆಲೆಯಾದ ಮೇಲೆ ಕಾಗದಗಳ ಕೆಲಸ. ಇಲ್ಲಿ ಗೃಹಸ್ಥರಾದ ವಾಚಕರು ಸ್ವಲ್ಪ ಲಕ್ಷ್ಯಕೊಡಬೇಕು. ಪರಿಚಯದವನಲ್ಲವೇ, ಹೆಸರನ್ನು ಆಮೇಲೆ ಬದಲಿಸಿಕೊಂಡರಾಯಿತೆಂದು ಗಾಡಿಯನ್ನು ಕೊಟ್ಟುಬಿಡುವ ರೂಢಿ ನಮ್ಮ ಕಡೆ ಬಹಳ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನ ಪ್ರಕಾರ, ರಾಜ್ಯದೊಳಗೇ ಮಾರಿದರೆ, ಮಾರಿದವನು ಹದಿನಾಲ್ಕು ದಿನದೊಳಗೆ ಆ ಸಂಗತಿಯನ್ನು ಸಾರಿಗೆ ಕಚೇರಿಗೆ ತಿಳಿಸಬೇಕು. ಅದಕ್ಕೆ 29ನೆಯ ನಮೂನೆ. ಹೆಸರಿನ ವರ್ಗಾವಣೆಯ ಅರ್ಜಿಗೆ 30ನೆಯ ನಮೂನೆ. ಒಬ್ಬನಿಂದೊಬ್ಬನಿಗೆ ಹಲವು ಕೈ ದಾಟಿದ ಒಂದು ಗಾಡಿಯಿಂದ ಅಪಘಾತವಾದ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ, ಕಚೇರಿಯ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು, ಪರಿಹಾರದ ಹೊಣೆಯೂ ಅವರದೇ ಎಂದು ತೀರ್ಪು ಕೊಟ್ಟಿದೆ. ಸ್ನೇಹವು ಒಂದು, ರುಜುವು ಮತ್ತೊಂದು. ನಾವಿಬ್ಬರೂ ಕೂಡಿಯೇ ಕೊಪ್ಪಳದ ಕಚೇರಿಗೆ ಹೋಗಿ ಅರ್ಜಿ ಸಲ್ಲಿಸಿದೆವು. ವಿಮೆಯನ್ನೂ ಅವನ ಹೆಸರಿಗೆ ಮಾಡಿಸಿದ ಮೇಲೆಯೇ ಕೀಲಿಕೈ ಕೊಟ್ಟೆವು.

ಕೀಲಿಕೈಯೊಡನೆ ಒಂದು ನೋಟುಬುಕ್ಕನ್ನೂ ಕೊಟ್ಟೆವು. 1998ರಿಂದ ಆ ಗಾಡಿಗೆ ಹಾಕಿದ ಎಣ್ಣೆ, ಬದಲಿಸಿದ ಬೆಲ್ಟು, ಪ್ಲಗ್ಗು, ಎಲ್ಲವೂ ತಾರೀಖಿನ ಸಹಿತ ಅದರಲ್ಲಿವೆ. ನಮ್ಮ ಸೀಮೆಯ ಬೇಸಗೆಯಲ್ಲಿ ಈ ಗಾಡಿಗೆ ಬರುವ ಒಂದು ವಿಶೇಷ ರೋಗವನ್ನೂ ಬಾಯಿಂದ ಹೇಳಿದೆವು. ಮಧ್ಯಾಹ್ನದ ಬಿಸಿಲಿನಲ್ಲಿ ಓಡಿ ಬಂದು ನಿಂತರೆ, ಯಂತ್ರದ ಕಾವಿಗೆ ಪೆಟ್ರೋಲು ಪಂಪಿನಲ್ಲಿಯೇ ಆವಿಯಾಗುವದು. ಪಂಪು ಆವಿಯನ್ನು ಎಳೆಯಲಾರದು, ಗಾಡಿ ಚಾಲೂ ಆಗದು. ಸ್ಟಾರ್ಟರನ್ನು ತಿರುಗಿಸುತ್ತ ಕುಳಿತರೆ ಬ್ಯಾಟರಿ ಹಾಳು. ಬಾನೆಟ್ಟು ತೆರೆದು, ಪಂಪಿಗೆ ಒದ್ದೆ ಅರಿವೆಯನ್ನು ಸುತ್ತಿ, ಹತ್ತು ನಿಮಿಷ ನೆರಳಿನಲ್ಲಿ ಕೂಡಬೇಕು. ಒಂದು ತಂಬಿಗೆ ನೀರು ಯಾವಾಗಲೂ ಡಿಕ್ಕಿಯಲ್ಲಿರಬೇಕು. ತರುಣನು ಇದನ್ನೆಲ್ಲ ನೋಟುಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡನು.

ಮುಂದಿನ ಗಾಜಿನ ಬಳಿ ಕಿನ್ನಾಳದ ಚಿತ್ರಗಾರರು ಮಾಡಿದ ಕಟ್ಟಿಗೆಯ ಒಂದು ಚಿಕ್ಕ ಕಾಮಧೇನು ಇದ್ದಿತು. ಅದನ್ನು ನಮ್ಮ ಮನೆಯವರು ಬಿಚ್ಚಿಕೊಂಡರು. ತಂದೆಯವರು ಎತ್ತನ್ನು ಮಾರಿದರೂ ಹಗ್ಗವನ್ನು ಮನೆಗೆ ತರುತ್ತಿದ್ದರು. ಆದಕಾರಣ ನಾವು ಏನೂ ಆಡಲಿಲ್ಲ.

ಹೊರಡುವ ಮುಂಚೆ ತರುಣನು ಒಂದು ಮಾತು ಹೇಳಿದನು. ಐವತ್ತು ವರ್ಷ ಮೀರಿದ, ಮೂಲರೂಪವನ್ನು ಕೆಡಿಸದ ಖಾಸಗಿ ಗಾಡಿಗಳನ್ನು ಪ್ರಾಚೀನ ವಾಹನಗಳೆಂದು ಬೇರೆಯಾಗಿ ನೋಂದಾಯಿಸುವ ನಿಯಮವನ್ನು ಕೇಂದ್ರ ಸರಕಾರವು 2021ರಲ್ಲಿ ಮಾಡಿದೆ. “ಇದಕ್ಕ 2041ಕ್ಕ ಐವತ್ತು ತುಂಬತೈತ್ರಿ, ಸರ್ರ. ಅಲ್ಲೀ ತನಕ ಒಂದು ನಟ್ಟೂ ಬ್ಯಾರೇದು ಹಾಕೂದಿಲ್ರಿ” ಎಂದನು. ನಮಗೆ ಆಗ ಎಪ್ಪತ್ತಾರು ದಾಟಿರುವದು. ನಾವು ಲೆಕ್ಕವನ್ನು ಅಲ್ಲಿಗೇ ಬಿಟ್ಟೆವು.

ಅದೇ ವರ್ಷದ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳ ನೋಂದಣಿಯ ನವೀಕರಣದ ಶುಲ್ಕವನ್ನು ಹತ್ತು ಸಾವಿರ ರೂಪಾಯಿಗೆ ಏರಿಸಿದರು. 2022ಕ್ಕಿಂತ ಮೊದಲು ಅದು ಆರುನೂರು, ಆ ಮೇಲೆ ಐದು ಸಾವಿರ. ನಮ್ಮ ಪದ್ಮಿನಿಯ ಅವಧಿಯು 2026ಕ್ಕೆ ಮುಗಿಯುವದಿದ್ದಿತು. ಭಾರವೆಲ್ಲ ಅವನ ತಲೆಗೆ ಬಿದ್ದಿತೆಂದು ನಾವೇ ಫೋನು ಮಾಡಿ ವಿಷಾದ ತಿಳಿಸಿದೆವು. ಅವನು ಆ ವಿಷಯವನ್ನು ಎತ್ತಿಕೊಳ್ಳಲಿಲ್ಲ. ವೈಶಾಖದ ಬಿಸಿಲಿನಲ್ಲಿ ತಾವರಗೇರಿಯ ಹತ್ತಿರ ಗಾಡಿ ನಿಂತದ್ದು, ತಂಬಿಗೆಯ ನೀರು, ಒದ್ದೆ ಅರಿವೆ, ಹನ್ನೆರಡನೆಯ ನಿಮಿಷಕ್ಕೆ ಚಾಲೂ ಆದದ್ದು, ಇದನ್ನೇ ಬಹಳ ಹೊತ್ತು ಹೇಳಿದನು. ಮೂರನೆಯ ಗೇರು ಈಗ ಹಾರುವದಿಲ್ಲವಂತೆ. ಏನು ಮಾಡಿದೆಯೆಂದು ಕೇಳಿದ್ದಕ್ಕೆ, ಮುಂದಿನ ಸಲ ಕೊಪ್ಪಳಕ್ಕೆ ಬಂದಾಗ ಓಡಿಸಿ ನೋಡಿರೆಂದನು.