ಹನ್ನೆರಡನೇ ತಾರೀಖಿನ ಲೆಕ್ಕ

ಕ್ರೆಡಿಟ್ ಕಾರ್ಡಿನ ತಿಂಗಳು ಗೋಡೆಯ ಕ್ಯಾಲೆಂಡರಿನ ತಿಂಗಳಲ್ಲ. ಬ್ಯಾಂಕು ಯಾವ ದಿನ ಲೆಕ್ಕ ಮುಚ್ಚಿ ಬಿಲ್ಲು ತೆಗೆಯುತ್ತದೋ ಅಂದಿಗೆ ಒಂದು ಸುತ್ತು ಮುಗಿಯುತ್ತದೆ, ಮರುದಿನದಿಂದ ಇನ್ನೊಂದು ಶುರು. ಇದೇ ಬಿಲ್ಲಿಂಗ್ ಸೈಕಲ್. ಬಿಲ್ಲು ತೆಗೆಯುವ ದಿನ ಸ್ಟೇಟ್‌ಮೆಂಟ್ ಡೇಟ್, ದುಡ್ಡು ಕಟ್ಟಲು ಕೊನೆಯ ದಿನ ಡ್ಯೂ ಡೇಟ್. ಗ್ರಾಹಕರಿಗೂ ಬ್ಯಾಂಕಿಗೂ ನಡೆಯುವ ಎಷ್ಟೋ ಜಗಳಗಳು ಈ ಎರಡು ತಾರೀಖುಗಳನ್ನು ಒಂದೇ ಎಂದುಕೊಂಡಾಗ ಹುಟ್ಟುತ್ತವೆ. ಬೀದಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲೂ ತಿಂಗಳ ಲೆಕ್ಕವಿರುತ್ತದೆ. ಆದರೆ ಸಂಬಳ ತಡವಾಯಿತೆಂದರೆ ಅಂಗಡಿಯವರು ಮುಖ ನೋಡಿ ನಾಲ್ಕು ದಿನ ತಾಳುತ್ತಾರೆ. ಕಾರ್ಡಿನ ಲೆಕ್ಕಕ್ಕೆ ಮುಖದ ಗುರುತಿಲ್ಲ.

ಪ್ರತಿ ತಿಂಗಳು 12ನೇ ತಾರೀಖಿಗೆ ಬಿಲ್ಲಾಗುವ, ಅಲ್ಲಿಂದ 20 ದಿನಕ್ಕೆ ಹಣ ಕಟ್ಟಬೇಕಾದ ಒಂದು ಕಾರ್ಡನ್ನು ತೆಗೆದುಕೊಳ್ಳೋಣ. ಮೇ 13ರಂದು 30,000 ರೂಪಾಯಿಯ ಫ್ರಿಜ್ ಕೊಂಡರೆ ಅದು ಜೂನ್ 12ರ ಬಿಲ್ಲಿಗೆ ಬರುತ್ತದೆ, ಕಟ್ಟಲು ಜುಲೈ 2ರ ತನಕ ಸಮಯ. ಅಂದರೆ ಬಡ್ಡಿಯಿಲ್ಲದೆ 50 ದಿನ. ಅದೇ ಫ್ರಿಜ್ಜನ್ನು ಜೂನ್ 12ರಂದೇ ಕೊಂಡು, ಖರೀದಿ ಅಂದಿನ ಬಿಲ್ಲಿಗೇ ಸೇರಿಬಿಟ್ಟರೆ ಸಿಗುವುದು ಬರೀ 20 ದಿನ. ಜಾಹೀರಾತಿನಲ್ಲಿ ಕಾಣುವ '50 ದಿನಗಳವರೆಗೆ ಬಡ್ಡಿರಹಿತ' ಎಂಬ ಮಾತಿನಲ್ಲಿ ಜೀವವಿರುವುದು 'ವರೆಗೆ' ಎಂಬ ಪದದಲ್ಲಿ. ಎಟಿಎಮ್ಮಿನಿಂದ ಕಾರ್ಡು ಹಾಕಿ ನಗದು ತೆಗೆದವರಿಗಂತೂ ಈ ಸೌಲಭ್ಯವೇ ಇಲ್ಲ. ಬಡ್ಡಿ ಅಂದಿನಿಂದಲೇ ಓಡುತ್ತದೆ.

ಬಿಲ್ಲಿನಲ್ಲಿ ಎರಡು ಮೊತ್ತಗಳಿರುತ್ತವೆ: ಪೂರ್ತಿ ಬಾಕಿ ಮತ್ತು ಕನಿಷ್ಠ ಮೊತ್ತ. ಕನಿಷ್ಠ ಮೊತ್ತ ಸಾಮಾನ್ಯವಾಗಿ ಬಾಕಿಯ ಶೇ. 5ರ ಆಸುಪಾಸು. ಅಷ್ಟು ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಫ್ರಿಜ್ಜಿನ ಬಿಲ್ಲಿಗೆ ಜುಲೈ 2ರಂದು 1,500 ರೂಪಾಯಿ ಮಾತ್ರ ಕಟ್ಟಿದರೆಂದು ಇಟ್ಟುಕೊಳ್ಳಿ. ಉಳಿದ 28,500ಕ್ಕೆ ಬಡ್ಡಿ ಹತ್ತುವುದು ಜುಲೈ 2ರಿಂದ ಅಲ್ಲ, ಕೊಂಡ ದಿನವಾದ ಮೇ 13ರಿಂದ. ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ ಶೇ. 42ರ ದರದಲ್ಲಿ ಜುಲೈ 12ರ ಬಿಲ್ಲಿನ ಹೊತ್ತಿಗೆ 60 ದಿನದ ಬಡ್ಡಿ ಸುಮಾರು 1,968 ರೂಪಾಯಿ. ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ 354. ಕೈಯಿಂದ 1,500 ಹೋಗಿದೆ, ಸಾಲ ಮಾತ್ರ 30,822ಕ್ಕೆ ಏರಿದೆ. ಬಾಕಿ ಉಳಿದಿರುವಷ್ಟು ದಿನ ಹೊಸದಾಗಿ ಕೊಂಡ ಹಾಲು, ತರಕಾರಿಗೂ ಬಡ್ಡಿರಹಿತ ಅವಧಿ ಇರುವುದಿಲ್ಲ. ಬಿಲ್ಲಿನಲ್ಲಿ ಎಲ್ಲಕ್ಕಿಂತ ಅಪಾಯಕಾರಿ ಅಂಕಿ ಯಾವುದೆಂದರೆ ನೋಡಲು ಹಗುರವಾಗಿರುವ ಈ ಕನಿಷ್ಠ ಮೊತ್ತವೇ. ದರಕ್ಕೂ ಹೊರಗಿನ ಮಿತಿ ಇಲ್ಲ: ಶೇ. 30ಕ್ಕಿಂತ ಹೆಚ್ಚು ವಸೂಲಿ ಸಲ್ಲದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ರದ್ದು ಮಾಡಿತು.

ಗ್ರಾಹಕರ ಕೈಯಲ್ಲಿ ಏನೂ ಇಲ್ಲವೆಂದಲ್ಲ. ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 21ರಂದು ಹೊರಡಿಸಿದ ನಿರ್ದೇಶನ ಹಲವು ಹಕ್ಕುಗಳನ್ನು ಬರಹಕ್ಕೆ ತಂದಿತು. ಡ್ಯೂ ಡೇಟ್ ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ದಂಡ ಹಾಕಬೇಕು, ಕ್ರೆಡಿಟ್ ಬ್ಯೂರೋಗೆ ಸುಸ್ತಿ ಎಂದು ವರದಿ ಮಾಡುವುದೂ ಆಮೇಲೆಯೇ. ಕಟ್ಟದೆ ಉಳಿದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಬಡ್ಡಿ ಎಣಿಸುವಂತಿಲ್ಲ. ಸಂಬಳ ಏಳಕ್ಕೆ ಬರುವವರ ಡ್ಯೂ ಡೇಟ್ ಎರಡಕ್ಕಿದ್ದರೆ ಬಿಲ್ಲಿಂಗ್ ಸೈಕಲ್ಲನ್ನು ಒಂದು ಸಲವಾದರೂ ಬದಲಿಸಿಕೊಳ್ಳಲು ಅವಕಾಶ ಕೊಡಬೇಕು. ಇಷ್ಟು ಸರಳ ಅನುಕೂಲವನ್ನು ಬಳಸಿಕೊಳ್ಳದೆ ತಿಂಗಳು ತಿಂಗಳೂ ಪರದಾಡುವವರನ್ನು ಕಂಡರೆ ಸಂಕಟವಾಗುತ್ತದೆ.

ಈ ಹಕ್ಕುಗಳನ್ನು ಕೇಳಿ ಪಡೆಯುವ ಜಾಗ ಗ್ರಾಹಕ ಸೇವೆಯ ಫೋನು. ಕನ್ನಡಕ್ಕೆ ಒಂದು ಅಂಕಿ, ಕಾರ್ಡಿಗೆ ಇನ್ನೊಂದು ಒತ್ತಿ, ಸಂಗೀತ ಕೇಳುತ್ತ ಕಾದಮೇಲೆ ಆ ಕಡೆ ಒಂದು ದನಿ ಸಿಗುತ್ತದೆ. 'ದುಡ್ಡು ಕಟ್ಟಿದ್ದೀನಮ್ಮ, ಲೇಟ್ ಫೀ ಯಾಕೆ ಹಾಕಿದ್ರಿ?' ಎಂದರೆ 'ಸರ್, ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಿದೆ' ಎಂಬ ಉತ್ತರ ಬರುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ. 'ಎರಡನೇ ತಾರೀಖು ರಾತ್ರಿ ಯುಪಿಐಯಲ್ಲಿ ಕಟ್ಟಿದೆ, ರೆಫರೆನ್ಸ್ ನಂಬರ್ ಬರ್ಕೊಳ್ಳಿ, ನಾಲ್ಕಕ್ಕೆ ಜಮಾ ಆಗಿದೆ, ಮೂರು ದಿನದೊಳಗೇ ಇದೆಯಲ್ಲ' ಎಂದರೆ ಅದೇ ದನಿ 'ಒಂದ್ನಿಮಿಷ ಲೈನಲ್ಲಿರಿ ಸರ್, ರಿವರ್ಸಲ್‌ಗೆ ಹಾಕ್ತೀನಿ' ಎನ್ನಲು ದಾರಿಯಾಗುತ್ತದೆ. ಆ ಕಡೆ ಕೂತಿರುವುದು ಪಾಳಿಯಲ್ಲಿ ದುಡಿಯುವ ಒಬ್ಬ ಹುಡುಗನೋ ಹುಡುಗಿಯೋ. ನಿಯಮ ಮಾಡಿದವರು ಅವರಲ್ಲ. ಅವರ ಮೇಲೆ ಕೂಗಾಡಿ ಬಂದ ಲಾಭ ಏನೂ ಇಲ್ಲ. ತಾರೀಖು, ಮೊತ್ತ, ರೆಫರೆನ್ಸ್ ನಂಬರ್ ಮೂರೂ ಎದುರಿಗಿದ್ದರೆ ಕೂಗಾಡುವ ಅಗತ್ಯವೂ ಇಲ್ಲ. ಫೋನು ಇಡುವ ಮೊದಲು ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಬೇಕು. ಆ ಸಂಖ್ಯೆ ಇಲ್ಲದ ಕರೆಯನ್ನು ಆಮೇಲೆ ರುಜುವಾತು ಮಾಡುವುದು ಕಷ್ಟ. ಬ್ಯಾಂಕಿನ ಹೆಸರಲ್ಲಿ ಅತ್ತಲಿಂದಲೇ ಕರೆ ಬಂದು ಒಟಿಪಿ ಕೇಳಿದರೆ ಮಾತಿಗೇ ನಿಲ್ಲದೆ ಇಟ್ಟುಬಿಡಬೇಕು.

ಕಾರ್ಡನ್ನೇ ಮುಚ್ಚಲು ಹೇಳಿದರೆ, ಬಾಕಿ ಇಲ್ಲದಿರುವಾಗ, ಬ್ಯಾಂಕು 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೇ ಕೊಡಬೇಕು. ಲಿಖಿತ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು. ದೂರನ್ನು ಆನ್‌ಲೈನಿನಲ್ಲೂ ಕೊಡಬಹುದು, ಕಾಗದದಲ್ಲಿ ಬರೆದು ಚಂಡೀಗಢದಲ್ಲಿರುವ ಅದರ ಕೇಂದ್ರಕ್ಕೆ ಅಂಚೆಯಲ್ಲೂ ಹಾಕಬಹುದು. ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ.