ಬೀದಿಯ ಚಿತ್ರಶಾಲೆ

ವೈದ್ಯರು ಆರೋಗ್ಯಕ್ಕೆಂದು ವಿಧಿಸುವ ಸಂಜೆಯ ವಾಯುವಿಹಾರವನ್ನು ನಾನು ಕೈಗೊಳ್ಳುವುದು, ನಿಜ ಹೇಳುವುದಾದರೆ, ಗೋಡೆಗಳನ್ನೂ ರಸ್ತೆಗಳನ್ನೂ ನೋಡುವ ಚಪಲಕ್ಕಾಗಿ. ಕಾವಲುಗಾರನಿಲ್ಲದ, ಪ್ರವೇಶಶುಲ್ಕವಿಲ್ಲದ, ತರಕಾರಿ ಚೀಲವನ್ನು ಹಿಡಿದುಕೊಂಡೇ ಹೊಕ್ಕು ಹೊರಬರಬಹುದಾದ ಚಿತ್ರಶಾಲೆಯೊಂದು ಬೆಂಗಳೂರಿನಲ್ಲಿ ಉಂಟೆಂದಾದರೆ ಅದು ಬೀದಿಯೇ ಸರಿ.

ಅಲ್ಲಿನ ಕಲಾವಿದರಲ್ಲಿ ನನಗೆ ಪರಮಪ್ರಿಯರು ಮೈಸೂರಿನಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿದ ಬಾದಲ್ ನಂಜುಂಡಸ್ವಾಮಿಯವರು. 2015ರ ಜೂನ್ ತಿಂಗಳಲ್ಲಿ, ಸುಲ್ತಾನ್‌ಪಾಳ್ಯದ ರಸ್ತೆಯ ಹಿರಿಗುಂಡಿಯೊಂದು ದುರಸ್ತಿ ಕಾಣದೆ ನೀರು ತುಂಬಿ ನಿಂತಿದ್ದಾಗ, ಅದನ್ನೇ ಕೊಳವೆಂದು ಬಗೆದು ಅವರು ಫೈಬರಿನ ಮೊಸಳೆಯೊಂದನ್ನು ಅಲ್ಲಿ ಇಳಿಬಿಟ್ಟರು. ಅದರ ತೂಕ ಸುಮಾರು 20 ಕಿಲೋ. ತಗುಲಿದ ವೆಚ್ಚ ಆರು ಸಾವಿರ ರೂಪಾಯಿಯಷ್ಟು. ಒಡೆದ ಡಾಂಬರಿನ ಅಂಚನ್ನೂ ಕೊಳೆತ ನೀರನ್ನೂ ನಗರವೇ ಉಚಿತವಾಗಿ ಒದಗಿಸಿತ್ತು! ದಾರಿಹೋಕನಿಗೆ ಮೊದಲು ಭಯ, ಮರುಕ್ಷಣ ನಗು, ನಗು ಇಳಿದ ಮೇಲೆ ನಾಚಿಕೆ. ನಾಚಿಕೆಗೆ ನಮ್ಮ ಆಲಂಕಾರಿಕರು ರಸದ ಪದವಿಯನ್ನು ಕೊಡದೆ ವ್ಯಭಿಚಾರಿ ಭಾವಗಳ ಸಾಲಿನಲ್ಲಿ ಕೂರಿಸಿದ್ದಾರೆ. ಆದರೆ ರಸ್ತೆ ರಿಪೇರಿಯ ಕಾರ್ಯಕ್ಕೆ ಒದಗಿಬರುವುದು ಅದೊಂದೇ. ಗುಂಡಿ ಬೇಗನೆ ಮುಚ್ಚಿತು.

2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ನೌಕೆ ಚಂದ್ರನ ಮೇಲೆ ಇಳಿಯಬೇಕಾಗಿದ್ದುದಕ್ಕೆ ಕೆಲವೇ ದಿನಗಳ ಮುನ್ನ, ನಂಜುಂಡಸ್ವಾಮಿಯವರೇ ತೆಗೆದ ಪುಟ್ಟ ಚಲನಚಿತ್ರವೊಂದರಲ್ಲಿ, ತುಂಗಾನಗರದ ರಸ್ತೆಯ ಮೇಲೆ ಗಗನಯಾತ್ರಿಯ ಉಡುಪು ತೊಟ್ಟ ನಟ ಪೂರ್ಣಚಂದ್ರ ಮೈಸೂರು ಭಾರವೇ ಇಲ್ಲದವರಂತೆ ನಿಧಾನವಾಗಿ ಹೆಜ್ಜೆಯೆತ್ತಿ ಇಡುತ್ತ ಬಂದರು. ಇರುಳ ಬೆಳಕಿನಲ್ಲಿ ಕುಳಿಗಳೆಲ್ಲ ಚಂದ್ರನವೇ ಎನ್ನುವಷ್ಟರಲ್ಲಿ ಪಕ್ಕದಲ್ಲೊಂದು ಆಟೋರಿಕ್ಷಾ ಹಾದುಹೋಗುತ್ತದೆ. ಆ ಚಲನಚಿತ್ರದ ಸಮಸ್ತ ಸೊಗಸೂ ಆ ಆಟೋದಲ್ಲಿದೆಯೆಂಬುದು ನನ್ನ ಖಚಿತ ಅಭಿಪ್ರಾಯ.

ಬೇಲೂರಿನ ಶಿಲಾಬಾಲಿಕೆಯರನ್ನು ಕಡೆದ ಶಿಲ್ಪಿಗೆ ತನ್ನ ಕೃತಿ ಆಚಂದ್ರಾರ್ಕ ನಿಲ್ಲಲೆಂಬ ಆಸೆ ಇದ್ದಿರಬೇಕು. ಈ ಕಲೆಗಾದರೋ ಅಳಿವೇ ಸಾರ್ಥಕ್ಯ. ಚಿತ್ರ ನೋಡಲೆಂದು ಹೊರಟು, ತಡವಾಗಿ ತಲಪಿ, ಹೊಸ ಡಾಂಬರಿನ ವಾಸನೆಯನ್ನಷ್ಟೇ ಉಂಡು ಹಿಂದಿರುಗುವುದರಲ್ಲಿಯೂ ಒಂದು ಸುಖವುಂಟು.

ಎಲ್ಲವೂ ಅಳಿಯಬೇಕಾದುವಲ್ಲ. ಪೂರ್ಣಿಮಾ ಸುಕುಮಾರ್ ಅವರು 2016ರಲ್ಲಿ ಆರಂಭಿಸಿದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಊರಿನ ಗೋಡೆಗಳ ಮೇಲೆ ಆಳೆತ್ತರದ ಮುಖಗಳನ್ನು ಬರೆಯುತ್ತಾರೆ. ಸಿಗ್ನಲ್ಲಿನಲ್ಲಿ ಅವರನ್ನು ಕಂಡೊಡನೆ ಕಾರಿನ ಗಾಜೇರಿಸುವ ಮಹನೀಯರೂ ಆ ಗೋಡೆಯೆದುರು ಕತ್ತೆತ್ತಿ ನೋಡಲೇಬೇಕು. ಅವಸರವಿಲ್ಲದ ಪಾದಚಾರಿಯಾದ ನಾನಂತೂ ಎದುರಿನ ಫುಟ್‌ಪಾತಿಗೆ ದಾಟಿ, ಬಣ್ಣಗಳನ್ನು ಒಂದೊಂದಾಗಿ ಸವಿಯುತ್ತ ನಿಲ್ಲುತ್ತೇನೆ.