ಯೂನಿವರ್ಸಿಟಿ ಬ್ಲೂ ಯಾರಿಗೆ?



2010ರಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಮುನ್ನ ವಿಜಯಪುರದ ನಮ್ಮ ಪದವಿ ಕಾಲೇಜು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ತಿಕೋಟಾ, ಬಬಲೇಶ್ವರದ ಹುಡುಗರಿಗೆ ‘ಯೂನಿವರ್ಸಿಟಿ ಬ್ಲೂ’ ಎನಿಸಿಕೊಳ್ಳುವುದು ಪದವಿಗಿಂತಲೂ ದೊಡ್ಡ ಮಾತಾಗಿತ್ತು. ಬಾಸ್ಕೆಟ್‌ಬಾಲ್ ತಂಡದ ಹನ್ನೆರಡು ಸ್ಥಾನಗಳಿಗಾಗಿ ಚಹಾದಂಗಡಿಯಲ್ಲಿ ನಡೆದ ವಾದಗಳಿಗೆ ಲೆಕ್ಕವಿಲ್ಲ.

ಹೆಚ್ಚು ಅಂಕ ಗಳಿಸಿದವನೇ ಶ್ರೇಷ್ಠನೆಂಬುದು ಬಹುಮತ. ನಾನು ಒಪ್ಪಲಾರೆ. ಸ್ಕೋರ್‌ಶೀಟಿನಲ್ಲಿ ಆಟಗಾರನ ಹೆಸರಿನ ಮುಂದೆ ದಾಖಲಾಗುವುದು ಅವನು ಗಳಿಸಿದ ಅಂಕ ಮತ್ತು ಮಾಡಿದ ಫೌಲು. ಎದುರಾಳಿಯ ಅಗ್ರ ಆಟಗಾರನನ್ನು ನಲವತ್ತು ನಿಮಿಷ ಕಟ್ಟಿಹಾಕಿದವನಿಗೆ ಉಳಿಯುವುದು ನಾಲ್ಕು ಫೌಲುಗಳಷ್ಟೇ. ಐದನೆಯದಕ್ಕೆ ಅವನು ಹೊರಗೆ!

ತಿಕೋಟಾ ಕಡೆಯ ನನ್ನ ಶಿಷ್ಯನೊಬ್ಬ ಅಂಥವನು. ಆಯ್ಕೆಗಾರರು ಕಾಗದ ನೋಡಿದರು, ಆಟ ನೋಡಲಿಲ್ಲ. ದೈಹಿಕ ಶಿಕ್ಷಕನಾಗುವ ಅವನ ಆಸೆ ಅಲ್ಲಿಗೇ ನಿಂತಿತು. ಈಗ ದ್ರಾಕ್ಷಿ ಬೆಳೆಯುತ್ತಾನೆ. ಸಿಕ್ಕಾಗಲೆಲ್ಲ ನಗುತ್ತಲೇ ಕೇಳುತ್ತಾನೆ: “ನಾ ತಡದ ಪಾಯಿಂಟ್ ಯಾರ್ ಬರದಾರ್ರೀ ಸರ?”